ಮಟನ್ ಅಂಗಡಿಯ ಹುಣಸೆ ಕೊರಡು

ಜಾಕಿ ಮೇಲೆ ನಿಂತಿದ್ದ ಕೆಂಪು ಕಾರಿನ ಅಡಿಗೆ ಗಂಡ ಜೋಡಿಸಿಟ್ಟ ಇಟ್ಟಿಗೆಗಳನ್ನು ಶಾಮಲಮ್ಮ ಒಂದೊಂದಾಗಿ ಎಳೆದು ಆಚೆಗೆಸೆದಳು. "ಏನೇ ಮಾಡ್ತಿದ್ದೀಯ?" ಎಂದು ಕೋದಂಡರಾಮಪ್ಪ ರೇಗಿದ. ಹಳೇ ಹೆರಾಲ್ಡ್ ಕಾರಿನ ಕಬ್ಬಿಣದ ಚಾಸಿಗೆ ಫೈಬರ್ ಮೈ ಕೂರಿಸಿ, ಕ್ಯಾಲೆಂಡರಿನಲ್ಲಿ ಕಂಡ ಫಾರಿನ್ ರೇಸ್ ಕಾರಿನ ಹಾಗೇ ಮಾಡಲು ಅವನಿಗೆ ಎರಡು ವರ್ಷ ಹಿಡಿದಿತ್ತು. ಅಗಲದ ಟೈರು ಹಾಕಿದರೆ ಮುಗಿಯಿತು.

ಇಟ್ಟಿಗೆ ಗೂಡುಗಳ ಊರಾದ ಮಾಲೂರಿನಲ್ಲಿ ಮಂಚ ಕುಂಟಿದರೂ ಇಟ್ಟಿಗೆ, ಲಾರಿ ಕೆಟ್ಟು ನಿಂತರೂ ಇಟ್ಟಿಗೆ. ಆದರೆ ಶಾಮಲಮ್ಮ ಹತ್ತು ವರ್ಷ ಗೂಡಿನಲ್ಲಿ ಇಟ್ಟಿಗೆ ಹೊತ್ತವಳು. "ಭಾರ ತಡೀತದೆ, ಏಟು ತಡೆಯಲ್ಲ ಕಣ್ರೀ. ಪುಡಿಯಾಗ್ತದೆ," ಎಂದವಳೇ ಪಕ್ಕದ ಮಟನ್ ಅಂಗಡಿಯಿಂದ ಮಾಂಸ ಕೊಚ್ಚುವ ಹುಣಸೆ ಕೊರಡನ್ನು ಉರುಳಿಸಿಕೊಂಡು ಬಂದು ಚಾಸಿಯ ಕಬ್ಬಿಣದಡಿ ನೂಕಿದಳು. "ಅಕ್ಕಾ, ಕಾರನ್ನೂ ಕೊಚ್ಚಿ ಮಾರ್ತೀಯಾ?" ಎಂದು ಅಂಗಡಿಯ ಆವಲಪ್ಪ ಹಿಂದೆಯೇ ಬಂದು ನಕ್ಕ. ಕೋದಂಡರಾಮಪ್ಪನೂ ನಕ್ಕ.

ನಗುತ್ತಲೇ ಚಕ್ರ ಬಿಚ್ಚಿ, ಒಳಗಂಟಿದ್ದ ಮಣ್ಣು ಕೆರೆಯಲು ಕಾರಿನಡಿ ತೋಳು ತೂರಿಸಿದ. ಜಾಕಿಯ ಬುಡ ಮೆತ್ತನೆ ನೆಲದಲ್ಲಿ ವಾಲಿತು. ಠಣ್ಣೆಂದು ಜಾರಿ ಬಿತ್ತು. ಕಾರು ಎರಡು ಬೆರಳಷ್ಟು ಕುಸಿದು, ದಿನಾ ಮಚ್ಚಿನೇಟು ತಿಂದು ಗಟ್ಟಿಯಾಗಿದ್ದ ಕೊರಡಿನ ಮೇಲೆ ಧಡ್ಡನೆ ಕೂತಿತು. ಕೊರಡು ಕದಲಲಿಲ್ಲ. ಫೈಬರಿನಲ್ಲಿ ಒಂದು ಗೀರೂ ಬೀಳಲಿಲ್ಲ.

ಕೋದಂಡರಾಮಪ್ಪ ತೋಳನ್ನು ಮೆಲ್ಲಗೆ ಈಚೆಗೆಳೆದು, ಐದು ಬೆರಳನ್ನೂ ಮಡಚಿ ಬಿಡಿಸಿ ನೋಡಿಕೊಂಡ. ಆವಲಪ್ಪನ ನಗು ನಿಂತಿತ್ತು. "ಶಾಮಲಾ, ಆ ಕಡೆ ಚಕ್ರಕ್ಕೆ ಕೊರಡು ಎಲ್ಲಿಡ್ಬೇಕು ಅಂತ ನೀನೇ ತೋರ್ಸೇ," ಎಂದ ಕೋದಂಡರಾಮಪ್ಪ.

"ಮೊದ್ಲು ಜಾಕಿ ಅಡಿಗೆ ಒಂದು ಹಲಗೆ ಹಾಕ್ರಿ," ಎಂದು ಶಾಮಲಮ್ಮ ಸೆರಗು ಸೊಂಟಕ್ಕೆ ಸಿಗಿಸಿ, ಜಾಕಿಯ ಹಿಡಿಯನ್ನು ತಾನೇ ಎತ್ತಿಕೊಂಡಳು.