ಹಳ್ಳದಾಚೆಯ ಹಲಗಿ

ಬೆಳಗಾಗುವಷ್ಟರಲ್ಲಿ ಕೆಳಗಿನ ಓಣಿಯಲ್ಲಿ ಗೌಡರ ಮಾಳಿಗೆ ಮನೆ ಬಿಟ್ಟು ಬೇರೊಂದು ಗೋಡೆ ನಿಂತಿರಲಿಲ್ಲ. ರಾತ್ರಿಯ ಗುಡುಗು ಮಳೆಗೆ ಉಕ್ಕಿದ ಹಳ್ಳ ಅವರ ಕೊಟ್ಟಿಗೆಯನ್ನೂ ಎತ್ತುಗಳ ಸಮೇತ ಎಳೆದೊಯ್ದಿತ್ತು. ನೀರು ಇಳಿದದ್ದೇ ತಡ, ಗೌಡರು ಹಳ್ಳ ದಾಟಿ ಆಚೆ ದಿಬ್ಬದ ಮೇಲಿನ ಕೇರಿಗೆ ನುಗ್ಗಿದರು. ಹಲಗಿ ಬಾರಿಸುವ ಮೈಲಾರೆಪ್ಪ ಗುಡಿಸಲ ಮುಂದೆ ಕುಳಿತಿದ್ದ.

"ಊರು ಮುಳುಗೂ ಹೊತ್ತಿನ್ಯಾಗ ಹಲಗಿ ಬಡಕೊಂಡು ಕುಣದ್ರೇನಲೇ? ನಾಚಿಗಿ ಬರಲಿಲ್ಲ ನಿಮಗ?"

"ಹಲಗಿ ಸಪ್ಪಳ ಕೇಳಿಸಿತ್ತೇನ್ರಿ, ಗೌಡ್ರ?"

"ಕಿವಿ ಹರಿಯೂವಂಗ ಕೇಳಿಸ್ತು! ಕುಡದು ಕುಣ್ಯಾಕತ್ತಾವು ಅಂತ ಕಿಟಕಿ ಮುಚ್ಚಿ ಮಲಗಿದೆ."

ಮೈಲಾರೆಪ್ಪ ಎದ್ದು, ಹರಿದ ಹಲಗಿಯನ್ನು ಗೌಡರ ಕಾಲ ಬುಡಕ್ಕೆ ಎಸೆದ.

"ಕುಣೀಲಿಲ್ರಿ. ಹಳ್ಳ ಬಂತು, ಏಳ್ರಿ ಅಂತ ನಿಮ್ಮನ್ನ ಎಬ್ಬಸಾಕ ಬಡದ್ವಿ."