ಬಿಟ್ಟುಕೊಟ್ಟ ಪೀರಿಯಡ್

ಎಂಟನೇ ಕ್ಲಾಸಿಗೆ ಆಟದ ಪೀರಿಯಡ್ ಬಂತೆಂದರೆ ಗಣಿತದ ಮೇಷ್ಟ್ರು ಬಾಗಿಲಲ್ಲಿ ಹಾಜರ್.

“ಪೋರ್ಷನ್ ಮುಗಿದಿಲ್ಲ ಮೇಡಂ, ಈ ಪೀರಿಯಡ್ ನಂಗೆ ಬಿಟ್ಕೊಡಿ. ಆಟ ಎಲ್ಲಿ ಓಡಿಹೋಗುತ್ತೆ?”

ಪಿ.ಟಿ. ಟೀಚರ್ ವರ್ಷವಿಡೀ ಹಲ್ಲು ಕಚ್ಚಿಕೊಂಡು ಬಿಟ್ಟುಕೊಟ್ಟರು. ಅಭ್ಯಾಸವಿಲ್ಲದ ಖೋಖೋ ತಂಡ ತಾಲ್ಲೂಕು ಪಂದ್ಯದಲ್ಲಿ ಮೊದಲ ಸುತ್ತಿಗೇ ಮಣ್ಣು ಮುಕ್ಕಿದಾಗ, ಸ್ಟಾಫ್‌ರೂಮಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರೂ ಆ ಮೇಷ್ಟ್ರೇ.

ಇನ್ಸ್‌ಪೆಕ್ಷನ್ ದಿನ ಬಂತು. ಮೇಷ್ಟ್ರು ಹೊಸ ಚಾರ್ಟು ಹಿಡಿದು, ಪಾಠ ತೋರಿಸಲು ಸಾಹೇಬರನ್ನು ಕರೆದುಕೊಂಡು ಬಂದರೆ, ಕ್ಲಾಸಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಏದುಸಿರು ಬಿಡುತ್ತ ಮೈದಾನಕ್ಕೆ ಓಡಿದರು.

“ಮೇಡಂ, ಮಕ್ಕಳನ್ನ ಕಳಿಸಿ. ಸಾಹೇಬ್ರು ಕಾಯ್ತಿದಾರೆ.”

ಟೀಚರ್ ಬಾಯಿಂದ ಸೀಟಿ ತೆಗೆದರು.

“ಪೋರ್ಷನ್ ಮುಗಿದಿಲ್ಲ ಸರ್. ಗಣಿತ ಎಲ್ಲಿ ಓಡಿಹೋಗುತ್ತೆ?”