ಚಹಾ ತೋಟದ ಹಾಜರಿ

"ಮಾಕಾ," ಎಂದು ತಪಾಸಣೆಗೆ ಬಂದ ಅಧಿಕಾರಿ ತಾಮ್ತಾ ಪಟ್ಟಿ ನೋಡಿ ಕೂಗಿದಳು. "ವಯಸ್ಸು ಮೂವತ್ತಾರು."

"ಇದ್ದೀನಿ," ಎಂದಳು ಎಪ್ಪತ್ತನಾಲ್ಕರ ಜುಜುನಾ, ಚಹಾ ಗಿಡಗಳ ಮೊದಲ ಸಾಲಿನಿಂದ.

ತಾಮ್ತಾ ತಲೆಯೆತ್ತಿ ನೋಡಿದಳು. ಬಿಳಿ ತಲೆವಸ್ತ್ರ, ಸೊಂಟಕ್ಕೆ ಕಟ್ಟಿದ ಬುಟ್ಟಿ, ನಕ್ಕರೆ ಕಾಣುವ ಎರಡೇ ಎರಡು ಹಲ್ಲು. ಮತ್ತೆ ಪಟ್ಟಿಗೆ ಕಣ್ಣಿಳಿಸಿ ಎರಡನೆಯ ಹೆಸರು ಕೂಗಿದಳು. ಅದಕ್ಕೆ ಓಗೊಟ್ಟ ಗುಲಿಕೋಗೂ ಎಪ್ಪತ್ತು ದಾಟಿತ್ತು.

ತೋಟವನ್ನು ಗುತ್ತಿಗೆ ಹಿಡಿದಿದ್ದ ಗೋಚಾ ಪಕ್ಕದಲ್ಲಿ ನಿಂತು ಬೆವರುತ್ತಿದ್ದ. ಪಾಳುಬಿದ್ದ ಚಹಾ ತೋಟಗಳನ್ನು ಎಬ್ಬಿಸಿ ದೇಶವನ್ನು ಮೇಲೆತ್ತಬೇಕೆಂದು ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ಸರ್ಕಾರ ಹೊಸ ಯೋಜನೆ ತಂದಿತ್ತು. ಹಿಂದಿನ ಸರ್ಕಾರ ಚಹಾ ಕಿತ್ತು ಹೇಝಲ್‌ನಟ್ ಎಂಬ ಬೀಜದ ಗಿಡ ನೆಡಿ ಎಂದಿತ್ತು, ಅದಕ್ಕೂ ಹಿಂದಿನದು ಏನೂ ಹೇಳದೆ ಸುಮ್ಮನಿತ್ತು, ಆ ಮಾತು ಇರಲಿ. ಈಗ ಇಪ್ಪತ್ತೈದು ವರ್ಷದ ಗುತ್ತಿಗೆ, ಖರ್ಚಿನಲ್ಲಿ ಅರ್ಧ ಸರ್ಕಾರದ್ದು. ಆದರೆ ಎರಡನೆಯ ಕಂತು ಬರಬೇಕಾದರೆ ಊರಿನ ಹತ್ತು ಜನ ತೋಟದಲ್ಲಿ ಕೆಲಸ ಮಾಡುತ್ತಿರುವುದನ್ನು ಅಧಿಕಾರಿ ಕಣ್ಣಾರೆ ಕಾಣಬೇಕಿತ್ತು. ಗೋಚಾ ಕಳೆದ ವರ್ಷವೇ ಹತ್ತು ಹೆಂಗಸರ ಹೆಸರು ಬರೆದುಕೊಟ್ಟಿದ್ದ. ಮೇ ತಿಂಗಳು ಬಂದದ್ದೇ ತಡ, ಜುಜುನಾಳ ಮಗಳು ಮಾಕಾ ಸೇರಿ ಹತ್ತೂ ಜನ ಗಡಿ ದಾಟಿ ಟರ್ಕಿಗೆ ಹೋಗಿಬಿಟ್ಟಿದ್ದರು. ಅಲ್ಲಿ ಕೂಲಿ ಇಲ್ಲಿಯ ಮೂರರಷ್ಟು. ಅಲ್ಲಿ ಅವರು ಕೀಳುತ್ತಿದ್ದುದೂ ಚಹಾವನ್ನೇ.

"ಈ ಕಂತು ತಪ್ಪಿದ್ರೆ ತೋಟ ಮತ್ತೆ ಮುಳ್ಳಿನ ಪಾಲು, ದೊಡ್ಡಮ್ಮ," ಎಂದು ಅವನು ಮೊನ್ನೆ ಜುಜುನಾಳ ಜಗಲಿಯಲ್ಲಿ ತಲೆ ಹಿಡಿದು ಕುಳಿತಾಗ ಅವಳು ಅಟ್ಟದಿಂದ ತನ್ನ ಹಳೆಯ ಬುಟ್ಟಿ ಇಳಿಸಿದ್ದಳು. ಅವಳ ಹರೆಯವೆಲ್ಲ ಈ ಇಳಿಜಾರಿನಲ್ಲೇ ಕಳೆದಿತ್ತು. ಎಂಬತ್ತು ಹೆಂಗಸರು ಸಾಲು ಹಿಡಿದು ನಿಂತರೆ ಮೇಲಿನ ತುದಿಯಿಂದ ವೆನೆರಾ ಹಾಡು ಎತ್ತುತ್ತಿದ್ದಳು, ಕೆಳಗಿನ ತುದಿಯವರು ಅದನ್ನು ಹಿಡಿದು ಮುಗಿಸುತ್ತಿದ್ದರು. ಸಂಜೆಯಾದರೆ ಕಾರ್ಖಾನೆಯಿಂದ ಬಾಡಿದ ಎಲೆಯ ಘಮ ಊರೆಲ್ಲ ತುಂಬುತ್ತಿತ್ತು. ಆಗ ಜಾರ್ಜಿಯಾದ ಚಹಾ ಎಂದರೆ ಮಾಸ್ಕೋವರೆಗೂ ಹೆಸರು. ಆಮೇಲೆ ಸೋವಿಯತ್ ಒಕ್ಕೂಟ ಒಡೆದು ದೇಶ ಬೇರೆಯಾಯಿತು, ಕಾರ್ಖಾನೆಯ ಯಂತ್ರಗಳು ಗುಜರಿಗೆ ಹೋದವು, ಸಾಲುಗಳ ನಡುವೆ ಜರಿಗಿಡ ಆಳೆತ್ತರ ಬೆಳೆಯಿತು. ಆ ದಿನಗಳೇ ಚೆನ್ನಾಗಿದ್ದವೆಂದು ಜುಜುನಾ ಹೇಳುತ್ತಿರಲಿಲ್ಲ. ತಾನು ಆಗ ಚೆನ್ನಾಗಿದ್ದೆ ಎನ್ನುತ್ತಿದ್ದಳು, ಅಷ್ಟೇ.

ಆ ಕಾಲದಲ್ಲಿ ಒಬ್ಬಳಿಗೆ ಜ್ವರ ಬಂದರೆ, ಇನ್ನೊಬ್ಬಳು ಚೀಸ್ ಮಾರಲು ಪೇಟೆಗೆ ಹೋಗಿದ್ದರೆ, ಹಾಜರಿ ಕೂಗುವಾಗ ಜೊತೆಯವಳು "ಇದ್ದೀನಿ" ಎಂದು ಓಗೊಟ್ಟು ಅವಳ ಪಾಲಿನ ಎಲೆಯನ್ನೂ ತಾನೇ ಕೀಳುತ್ತಿದ್ದಳು. ಯಾರೂ ಯಾರನ್ನೂ ಬಿಟ್ಟುಕೊಡುತ್ತಿರಲಿಲ್ಲ. ನಿನ್ನೆ ಜುಜುನಾ ಮನೆಮನೆಗೆ ಹೋಗಿ ಹಳೆಯ ಗೆಳತಿಯರಿಗೆಲ್ಲ ಅದನ್ನು ನೆನಪಿಸಿ ಬಂದಿದ್ದಳು. "ಮಕ್ಕಳ ಹೆಸರಿಗೆ ನಾವು ಓಗೊಟ್ರೆ ತಪ್ಪೇನ್ರೇ? ಹೆಸರಿಟ್ಟೋರು ನಾವೇ ತಾನೇ?"

ಒಂಬತ್ತು ಹೆಸರು ಸರಾಗವಾಗಿ ಮುಗಿದವು.

"ನಾತೋ," ಎಂದಳು ತಾಮ್ತಾ.

ನಾತೋ ವೆನೆರಾಳ ಮಗಳು. ವೆನೆರಾ ಮಣ್ಣಾಗಿ ಎರಡು ವರ್ಷವಾಗಿತ್ತು. ಆ ಹೆಸರಿಗೂ ತಾನೇ ದನಿ ಬದಲಿಸಿ ಓಗೊಡುವುದೆಂದು ಜುಜುನಾ ಗೊತ್ತುಮಾಡಿಕೊಂಡಿದ್ದಳು. ಆದರೆ ಹೆಸರು ಕಿವಿಗೆ ಬಿದ್ದೊಡನೆ ಅವಳ ಕಣ್ಣು ವೆನೆರಾ ನಿಲ್ಲುತ್ತಿದ್ದ ಮೇಲಿನ ತುದಿಗೆ ಹೋಯಿತು, ಓಗೊಡುವುದು ಮರೆತೇಹೋಯಿತು. ಗೋಚಾ ನೆಲ ನೋಡಿದ.

"ಇದ್ದೀನಿ," ಎಂದಿತು ಒಂದು ದಪ್ಪ ಗಂಡು ದನಿ.

ಕೊನೆಯ ಸಾಲಿನ ಹಿಂದಿನಿಂದ ವೆನೆರಾಳ ಗಂಡ ಕಾರ್ಲೋ ಎದ್ದುನಿಂತ. ಚಹಾ ಕೀಳುವುದು ಹೆಂಗಸರ ಕೆಲಸವೆಂದು ಜೀವಮಾನವಿಡೀ ಮರದ ನೆರಳಲ್ಲಿ ಪಗಡೆಯಾಡಿದವನು. ಈಗ ಅವನ ಸೊಂಟದಲ್ಲಿ ಹೆಂಡತಿಯ ಬುಟ್ಟಿ ಇತ್ತು.

"ನೀವು ನಾತೋನಾ?"

"ಹೂಂನಮ್ಮ. ಸ್ವಲ್ಪ ಮೀಸೆ ಬಂದಿದೆ."

ಸಾಲಿಗೆ ಸಾಲೇ ನಕ್ಕಿತು. ತಾಮ್ತಾಳಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಅವಳು ಹತ್ತೂ ಹೆಸರುಗಳ ಮೇಲೆ ಗೆರೆ ಎಳೆದಳು. "ಸುಳ್ಳು ಹೆಸರು ಬರೆಯೋಕಾಗಲ್ಲ ಅಜ್ಜಿ. ನನ್ನ ಕೆಲಸ ಹೋಗುತ್ತೆ."

ಗೋಚಾನ ಮುಖ ಕಪ್ಪಿಟ್ಟಿತು. ತಾಮ್ತಾ ಹೊಸ ಹಾಳೆ ತೆಗೆದಳು. "ಈಗ ನಿಮ್ಮ ನಿಮ್ಮ ಹೆಸರು ಹೇಳಿ. ಊರಿನವರಾಗಿರಬೇಕು ಅಂತ ನಿಯಮದಲ್ಲಿದೆ. ವಯಸ್ಸು ಎಷ್ಟಿರಬೇಕು ಅಂತ ಬರೆಯೋದನ್ನ ಮರೆತಿದ್ದಾರೆ."

ಜುಜುನಾ ತನ್ನ ಹೆಸರು ಹೇಳಿದಳು. ತಾಮ್ತಾ ಬರೆಯುವುದನ್ನು ಬಗ್ಗಿ ನೋಡಿದಳು. ಮೂವತ್ತು ವರ್ಷಗಳ ಮೇಲೆ ತನ್ನ ಹೆಸರು ಕೆಲಸದವರ ಪಟ್ಟಿಯಲ್ಲಿ ಬಿದ್ದದ್ದು ಕಂಡು ಅವಳ ಕಣ್ಣು ತುಂಬಿತು, ಅದನ್ನು ಮುಚ್ಚಿಡಲು ಅವಳು ಹೋಗಲಿಲ್ಲ. ಹತ್ತನೆಯದಾಗಿ ಕಾರ್ಲೋ ತನ್ನ ಹೆಸರನ್ನು ಮೆಲ್ಲಗೆ ಹೇಳಿದ.

"ಕೊನೇ ಪ್ರಶ್ನೆ," ಎಂದಳು ತಾಮ್ತಾ. "ಗುತ್ತಿಗೆ ಇಪ್ಪತ್ತೈದು ವರ್ಷದ್ದು. ನೀವೆಲ್ಲ ಎಷ್ಟು ವರ್ಷ ಕೆಲಸ ಮಾಡ್ತೀರಿ ಅಂತ ಬರೀಲಿ?"

ಯಾರೂ ನಗಲಿಲ್ಲ. ಗುಲಿಕೋ ತಲೆವಸ್ತ್ರ ಸರಿಮಾಡಿಕೊಂಡಳು. ಜುಜುನಾಳ ಕೈ ಆಗಲೇ ಚಿಗುರು ಕೀಳತೊಡಗಿತ್ತು.

"ಇಪ್ಪತ್ತೈದೇ ಬರ್ಕೋ ಮಗಳೇ," ಎಂದಳು ತಿರುಗದೆ. "ಮಕ್ಕಳು ವಾಪಸ್ ಬರೋವರೆಗೆ ನಾವಂತೂ ಸಾಯೋ ಹಾಗಿಲ್ಲ."